ನಾಲಗೆಯ ತೊಡಕೂ ನುಡಿಯ ತೊಡಕೂ

ಕೂಸಿನ ತೊದಲುನುಡಿಯು ಮನೆಗೊಂದು ಶೋಭೆ. ಆದರೆ ವಯಸ್ಸು ಮೀರಿದರೂ ಮಾತು ನೆಟ್ಟಗಾಗದಿದ್ದರೆ ತಾಯಿತಂದೆಗಳಿಗೆ ಚಿಂತೆಯು ಸಹಜವೇ. ಇಂತಹ ಮಕ್ಕಳನ್ನೆಲ್ಲ ‘ಮಾತು ಬಾರದವರು’ ಎಂದು ಒಂದೇ ಗುಂಪಿಗೆ ಸೇರಿಸುವುದು ವಾಡಿಕೆಯಾಗಿದೆ. ವಾಸ್ತವವಾಗಿ ಇಲ್ಲಿ ಎರಡು ಬಗೆಯ ದೋಷಗಳುಂಟು. ಅವುಗಳ ಭೇದವನ್ನು ಗೃಹಿಣಿಯರು ಅರಿತಿರುವುದು ಲೇಸು.

ಮೊದಲನೆಯದು ವಾಕ್ಕಿನ ದೋಷ. ಐದು ವರ್ಷದ ಬಾಲಕನೊಬ್ಬನು ‘ಕಾಗೆ ಗೂಡು ಕಟ್ಟಿದೆ’ ಎನ್ನುವುದಕ್ಕೆ ‘ತಾದೆ ದೂಡು ತಟ್ಟಿದೆ’ ಎನ್ನುವನೆಂದು ಭಾವಿಸೋಣ. ಅವನ ಭಾವವೂ ಸರಿ, ಪದಗಳ ಜೋಡಣೆಯೂ ಸರಿ. ನಾಲಗೆಯ ಹಿಂಭಾಗವು ಮೇಲೇಳಬೇಕಾದ ಕಡೆಯಲ್ಲಿ ತುದಿಯು ಏಳುವುದು, ಅಷ್ಟೆ. ಉಗ್ಗು, ಕಂಠದ ದೋಷ ಇವೂ ಇದೇ ವರ್ಗಕ್ಕೆ ಸೇರಿದವು.

ಎರಡನೆಯದು ಭಾಷೆಯ ದೋಷ. ಅದೇ ವಯಸ್ಸಿನ ಬಾಲಕಿಯೊಬ್ಬಳು ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ ನುಡಿಯುವಳು. ಆದರೆ ‘ಕಾಗೆ ಗೂಡು’ ಎಂಬಲ್ಲಿಗೇ ನಿಲ್ಲುವಳು. ‘ಮಣೆಯ ಕೆಳಗಿನ ಬಟ್ಟಲನ್ನು ತಾ’ ಎಂದರೆ ಮಣೆಯನ್ನೇ ತರುವಳು. ಮನೆಯವರು ಇದನ್ನು ಹಟವೆಂದೋ ಮಂದಬುದ್ಧಿಯೆಂದೋ ಬಗೆದು ಗದರಿಸುವರು. ಪದಗಳನ್ನು ಕೂಡಿಸುವ, ಅರ್ಥವನ್ನು ಗ್ರಹಿಸುವ ಶಕ್ತಿಯು ಆ ಮಗುವಿನಲ್ಲಿ ಬಲಿತಿಲ್ಲವೆಂಬುದು ಅವರಿಗೆ ತೋರದು. ಕೆಲವು ಮಕ್ಕಳಲ್ಲಿ ಎರಡು ದೋಷಗಳೂ ಕೂಡಿರುವುದುಂಟು.

ವಾಕ್ಕೂ ಭಾಷೆಯೂ ಬೇರೆಂಬುದಕ್ಕೆ ಕಿವುಡರ ಸಂಜ್ಞಾಭಾಷೆಯೇ ಸಾಕ್ಷಿ. ಅಲ್ಲಿ ಧ್ವನಿಯಿಲ್ಲದೆಯೂ ವ್ಯಾಕರಣಬದ್ಧವಾದ ಪೂರ್ಣ ಭಾಷೆಯಿರುವುದು.

ದೊಡ್ಡವರಲ್ಲಿಯೂ ಈ ಭೇದವುಂಟು. 1861ರಲ್ಲಿ ಪ್ಯಾರಿಸಿನ ವೈದ್ಯ ಬ್ರೋಕಾ ಎಂಬವರು, ‘ತಾನ್’ ಎಂಬುದರ ಹೊರತು ಹೆಚ್ಚೇನನ್ನೂ ನುಡಿಯಲಾರದಿದ್ದ ರೋಗಿಯೊಬ್ಬನನ್ನು ಪರೀಕ್ಷಿಸಿದರು. ಕೇಳಿದ್ದನ್ನು ಆತನು ಬಹುಮಟ್ಟಿಗೆ ಗ್ರಹಿಸುತ್ತಿದ್ದನು. ಅವನು ತೀರಿಕೊಂಡ ಬಳಿಕ ನೋಡಲಾಗಿ, ಮೆದುಳಿನ ಎಡಗಡೆಯ ಮುಂಭಾಗವು ಕೆಟ್ಟಿದ್ದಿತು. ಮನೆಯ ಹಿರಿಯರ ಮಾತು ಹಠಾತ್ತನೆ ತೊಡರಿದರೆ ಅಥವಾ ಅಸಂಬದ್ಧವಾದರೆ ಪಾರ್ಶ್ವವಾಯುವಿರಬಹುದು; ಕ್ಷಣವೂ ತಡೆಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಇನ್ನು ಮಕ್ಕಳ ವಿಷಯ. ಎರಡು ವರ್ಷ ತುಂಬಿದರೂ ಮಗುವು ಎರಡು ಪದಗಳನ್ನು ಕೂಡಿಸಿ ಆಡದಿದ್ದರೆ, ಬಜೆ ತೇಯ್ದು ನೆಕ್ಕಿಸುತ್ತ ಕಾಲ ಕಳೆಯಲಾಗದು. ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಕೇಳದ ಮಗುವು ನುಡಿಯುವುದೆಂತು? ಮನೆಯಲ್ಲಿ ಎರಡು ಭಾಷೆಗಳಿರುವುದೇ ಕಾರಣವೆಂದು ಒಂದನ್ನು ಬಿಡಬೇಕಾಗಿಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಯೂ ಚಿಕಿತ್ಸೆಯೂ ದೊರೆಯುವುವು.

ಚಿಕಿತ್ಸೆಯೂ ಎರಡು ತೆರನು: ಒಬ್ಬನಿಗೆ ನಾಲಗೆಯ ಸ್ಥಾನವನ್ನು ಕಲಿಸಬೇಕು, ಇನ್ನೊಬ್ಬಳಿಗೆ ಆಟ, ಕಥೆಗಳ ಮೂಲಕ ಪದವನ್ನೂ ವಾಕ್ಯವನ್ನೂ ಬೆಳೆಸಬೇಕು. ‘ಸರಿಯಾಗಿ ಹೇಳು’ ಎಂಬ ಗದರಿಕೆಯು ಇಬ್ಬರಿಗೂ ಮದ್ದಲ್ಲ. ದೋಷವನ್ನು ಬೇಗನೆ ಗುರುತಿಸಿ, ತಾಳ್ಮೆಯಿಂದ ಮಾತನಾಡಿಸುವ ತಾಯಿತಂದೆಗಳೇ ಮಗುವಿಗೆ ಮೊದಲ ಆಸರೆ.