ಹತ್ತು ಕೈ ಬೇಡುವ ಹಗ್ಗ

2018ರ ಜುಲೈ ಎರಡನೇ ವಾರ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್ ಊರಿಗೆ ಒಟ್ಟಿಗೇ ಎರಡು ಹುಚ್ಚು ಹಿಡಿದಿತ್ತು. ಒಂದು, ಮಾಸ್ಕೋದಲ್ಲಿ ಇಂಗ್ಲೆಂಡ್ ಆಡಲಿದ್ದ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್. ಇನ್ನೊಂದು, ವೇರ್ ನದಿ ಸಮುದ್ರ ಸೇರುವಲ್ಲಿ ಬಂದು ನಿಂತಿದ್ದ ಹಾಯಿ ಹಡಗುಗಳು. 11ರ ರಾತ್ರಿ ಕ್ರೊಯೇಷ್ಯಾ 2–1ರಿಂದ ಗೆದ್ದು ಮೊದಲ ಹುಚ್ಚನ್ನು ಇಳಿಸಿತು. ಎರಡನೆಯದು 14ನೇ ತಾರೀಖಿನ ಶನಿವಾರ ಹಡಗುಗಳು ಸಾಲಾಗಿ ಸಮುದ್ರಕ್ಕೆ ಇಳಿಯುವವರೆಗೂ ಬಿಡಲಿಲ್ಲ.

ನ್ಯೂಕಾಸಲ್‌ನಲ್ಲಿರುವ ತಮ್ಮನ ಮನೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದ ಬೇಸಿಗೆ ಅದು. ಅಲ್ಲಿಂದ ಸಂಡರ್‌ಲ್ಯಾಂಡಿಗೆ ಮೆಟ್ರೊ ಇದೆ. ನಾವು ಹೋದ ದಿನ ಅದರೊಳಗೆ ಕಾಲಿಡಲೂ ಜಾಗವಿರಲಿಲ್ಲ. ಉತ್ಸವ ನೋಡಲು ದುಡ್ಡು ಕೊಡಬೇಕಿಲ್ಲ. ಹಡಗು ಹತ್ತುವುದಕ್ಕೂ ದುಡ್ಡಿಲ್ಲ, ಆದರೆ ಸಾಲು ನಿಲ್ಲಬೇಕು. ಬಿಸಿಲಿಗೆ ಟೋಪಿ, ಗಾಳಿಗೆ ಜಾಕೆಟ್ ಎರಡೂ ಬೇಕಾಗುವ ಊರು. ಮಕ್ಕಳ ತಳ್ಳುಗಾಡಿಗೆ ಹಡಗಿನ ಏಣಿ ಹಲಗೆ ಒಗ್ಗುವುದಿಲ್ಲ, ಅದನ್ನು ಯಾರಾದರೊಬ್ಬರು ಕೆಳಗೆ ಕಾಯುತ್ತ ನಿಲ್ಲಬೇಕು. ಆ ಕೆಲಸ ಸರದಿಯಂತೆ ನಮಗೆಲ್ಲ ಬಂತು.

ನಿಜ ಹೇಳಬೇಕೆಂದರೆ ಇಂಥ ಉತ್ಸವದಲ್ಲಿ ಅರ್ಧ ಭಾಗ ನಮ್ಮ ಜಾತ್ರೆಯೇ. ತಿರುಗುವ ತೊಟ್ಟಿಲು, ಕರಿದ ಮೀನು, ಕಡಲುಗಳ್ಳರ ಟೋಪಿ, ಜೋರು ಸಂಗೀತ. ಹಡಗುಗಳ ಕಡೆ ಬೆನ್ನು ಹಾಕಿ ಐಸ್‌ಕ್ರೀಮಿಗೆ ಕ್ಯೂ ನಿಂತವರೂ ಸಾಕಷ್ಟಿದ್ದರು. ಅದರಲ್ಲಿ ತಪ್ಪೇನಿಲ್ಲ. ತೇರು ನೋಡಲು ಬಂದವರೆಲ್ಲ ತೇರನ್ನೇ ನೋಡುತ್ತಾರೆಯೇ? ಆದರೆ ಐಸ್‌ಕ್ರೀಮ್ ಮುಗಿಸಿ ತಲೆ ಎತ್ತಿದವರಿಗೆ ಕಾಣುತ್ತಿದ್ದದ್ದು ಎಲೆ ಉದುರಿದ ಕಾಡಿನಂತೆ ನಿಂತ ಹಾಯಿಕಂಬಗಳು, ಅವುಗಳ ನಡುವೆ ಲೆಕ್ಕವಿಲ್ಲದಷ್ಟು ಹಗ್ಗ. ಅಷ್ಟು ಹೊತ್ತಿಗೆ ಅಮ್ಮ ಆ ಕಂಬಗಳಲ್ಲೊಂದರ ಕೆಳಗೆ ನಮ್ಮ ನೌಕಾಪಡೆಯ ಬಾವುಟವನ್ನು ಪತ್ತೆ ಹಚ್ಚಿಯಾಗಿತ್ತು.

ಅದು ಐಎನ್‌ಎಸ್ ತರಂಗಿಣಿ. ಆ ವರ್ಷದ ಏಪ್ರಿಲ್‌ನಲ್ಲಿ ಕೊಚ್ಚಿಯಿಂದ ಹೊರಟು, ಸುಯೆಜ್ ದಾಟಿ ಯುರೋಪ್ ಸುತ್ತುತ್ತಿದ್ದ ಏಳು ತಿಂಗಳ ‘ಲೋಕಾಯನ’ ಯಾತ್ರೆಯ ನಡುವೆ ಇಲ್ಲಿಗೆ ಬಂದಿತ್ತು. ಸಂಡರ್‌ಲ್ಯಾಂಡಿನಿಂದ ಡೆನ್ಮಾರ್ಕಿನ ಎಸ್‌ಬ್ಯೆರ್, ನಾರ್ವೆಯ ಸ್ಟಾವಂಗರ್, ಕೊನೆಗೆ ನೆದರ್‌ಲ್ಯಾಂಡ್ಸಿನ ಹಾರ್ಲಿಂಗನ್, ಇದು ‘ಟಾಲ್ ಶಿಪ್ಸ್ ರೇಸ್’ ಎಂಬ ಹಾಯಿ ಹಡಗುಗಳ ಪಂದ್ಯದ ಆ ವರ್ಷದ ದಾರಿ. ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿ 1997ರ ನವೆಂಬರ್‌ನಲ್ಲಿ ನೌಕಾಪಡೆಗೆ ಸೇರಿದ ತರಂಗಿಣಿಯ ನಕ್ಷೆ ಬರೆದವರು ಬ್ರಿಟನ್ನಿನವರೇ ಆದ ಕಾಲಿನ್ ಮುಡಿ. 2003–04ರಲ್ಲಿ ಇದು ಭೂಮಿಗೇ ಒಂದು ಸುತ್ತು ಹಾಕಿ ಬಂದಿದೆ. ಭಾರತೀಯ ನೌಕಾಪಡೆಯ ಯಾವ ಹಡಗೂ ಅದಕ್ಕಿಂತ ಮುಂಚೆ ಆ ಕೆಲಸ ಮಾಡಿರಲಿಲ್ಲ.

“ಅತ್ತೆ, ಇದಕ್ಕೆ ಇಂಜಿನ್ ಇಲ್ವಾ?” ಎಂದು ತಮ್ಮನ ಮಗಳು ಕೇಳಿದಳು. ಇದೆ. ಬಂದರಿಗೆ ಬರಲು, ಹೋಗಲು, ಗಾಳಿ ಸತ್ತಾಗ ದಡ ಸೇರಲು ಡೀಸೆಲ್ ಇಂಜಿನ್ನುಗಳಿವೆ. ಆದರೆ ಪಂದ್ಯ ಶುರುವಾದ ಮೇಲೆ ಅವನ್ನು ಮುಟ್ಟುವಂತಿಲ್ಲ. ಆಮೇಲೆ ಇರುವುದು ಮೂರು ಕಂಬ, ಇಪ್ಪತ್ತು ಹಾಯಿ, ಐವತ್ನಾಲ್ಕು ಮೀಟರ್ ಉದ್ದದ ಹಡಗು, ಮತ್ತು ಜನ. ಮುಂದಿನ ಎರಡು ಕಂಬಗಳಲ್ಲಿ ಅಡ್ಡಮರಗಳಿಗೆ ಇಳಿಬಿಟ್ಟ ಚೌಕ ಹಾಯಿಗಳು, ಹಿಂದಿನ ಕಂಬದಲ್ಲಿ ಹಡಗಿನ ಉದ್ದಕ್ಕೆ ಕಟ್ಟಿದ ಹಾಯಿ. ಚೌಕ ಹಾಯಿ ಬೆನ್ನ ಹಿಂದಿನ ಗಾಳಿಗೆ ಹೇಳಿ ಮಾಡಿಸಿದ್ದು, ಉದ್ದದ ಹಾಯಿ ಓರೆ ಗಾಳಿಗೆ ಒದಗುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಅಡ್ಡಮರಗಳನ್ನೆಲ್ಲ ತಿರುಗಿಸಬೇಕು. ಗಾಳಿ ಬಿರುಸಾದರೆ ಮೇಲೆ ಹತ್ತಿ, ಅಡ್ಡಮರಕ್ಕೆ ಹೊಟ್ಟೆ ಊರಿ, ಕಾಲ ಕೆಳಗಿನ ಒಂದೇ ಹಗ್ಗದ ಮೇಲೆ ನಿಂತು ಹಾಯಿ ಮಡಚಬೇಕು. ತರಂಗಿಣಿಯ ತಂಗಿ ಹಡಗು ಐಎನ್‌ಎಸ್ ಸುದರ್ಶಿನಿಯ ಹಗ್ಗವನ್ನೆಲ್ಲ ಬಿಚ್ಚಿ ಚಾಚಿದರೆ ಏಳೂವರೆ ಕಿಲೋಮೀಟರ್ ಆಗುತ್ತದಂತೆ. ಅದರಲ್ಲಿ ಯಾವುದು ಯಾವ ಹಾಯಿಯದು ಎಂದು ಕತ್ತಲೆಯಲ್ಲೂ ಕೈಗೆ ಗೊತ್ತಿರಬೇಕು.

ಈ ಲೆಕ್ಕವೇ ಹಾಯಿ ಹಡಗನ್ನು ಕೊಂದದ್ದು. ಗಾಳಿ ಪುಕ್ಕಟೆ, ಕೈಗಳು ಪುಕ್ಕಟೆಯಲ್ಲ. ಉಗಿ ಹಡಗಿನಲ್ಲಿ ಕಲ್ಲಿದ್ದಲಿಗೆ ಖರ್ಚು ಬಂದರೂ ಇಷ್ಟು ದಿನಕ್ಕೆ ಸರಕು ತಲುಪುತ್ತದೆ ಎಂಬ ಖಾತ್ರಿ ಇತ್ತು. ಇಪ್ಪತ್ತನೇ ಶತಮಾನದ ನಡುವಿನವರೆಗೂ ದೊಡ್ಡ ಹಾಯಿ ಹಡಗುಗಳನ್ನು ವ್ಯಾಪಾರಕ್ಕೆ ಓಡಿಸಿದವರಲ್ಲಿ ಫಿನ್‌ಲ್ಯಾಂಡಿನ ಗುಸ್ತಾಫ್ ಎರಿಕ್ಸನ್ ಹೆಸರು ದೊಡ್ಡದು. ಬೇರೆಯವರು ಗುಜರಿಗೆ ಹಾಕುತ್ತಿದ್ದ ಹಡಗುಗಳನ್ನು ಅಗ್ಗಕ್ಕೆ ಕೊಂಡು, ಆಸ್ಟ್ರೇಲಿಯಾದ ಗೋಧಿ ಹೇರಿ, ಕೆಲಸ ಕಲಿಯಲು ಬಂದ ಹುಡುಗರಿಂದ ಸಂಬಳ ಕೊಡುವ ಬದಲು ಫೀಸು ಪಡೆದು ಓಡಿಸಿದ ಜಾಣ ಆತ. 1949ರಲ್ಲಿ ‘ಪಾಮೀರ್’ ಹಡಗು ಧಾನ್ಯ ಹೊತ್ತು ಕೇಪ್ ಹಾರ್ನ್ ಸುತ್ತಿ ಬಂದದ್ದೇ ಕೊನೆ. ಆಮೇಲೆ ಸರಕು ಹೊತ್ತ ಹಾಯಿ ಹಡಗು ಆ ಭೂಶಿರವನ್ನು ಹಾಗೆ ಸುತ್ತಲಿಲ್ಲ.

ಹಾಯಿ ಯುಗ ಮುಗಿಯಿತು, ಮರ್ಯಾದೆಯಿಂದ ಬೀಳ್ಕೊಡೋಣ ಎಂದು ಯೋಚಿಸಿದವರು ಲಂಡನ್ನಿನ ನಿವೃತ್ತ ವಕೀಲ ಬರ್ನಾರ್ಡ್ ಮಾರ್ಗನ್. ಬೇರೆ ಬೇರೆ ದೇಶಗಳಲ್ಲಿ ತರಬೇತಿಗೆಂದು ಉಳಿದಿದ್ದ ಹಾಯಿ ಹಡಗುಗಳೆಲ್ಲ ಕೊನೆಯದಾಗಿ ಒಮ್ಮೆ ಒಟ್ಟಾಗಿ ಓಡಲಿ ಎಂಬುದು ಅವರ ಆಸೆ. 1956ರ ಜುಲೈನಲ್ಲಿ ಇಂಗ್ಲೆಂಡಿನ ಟಾರ್‌ಬೇಯಿಂದ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಇಪ್ಪತ್ತು ಹಡಗುಗಳು ಹೊರಟವು. ಉತ್ತರಕ್ರಿಯೆಗೆಂದು ಸೇರಿದ ನೆಂಟರು ಊಟ ಮುಗಿಸಿ ‘ಮುಂದಿನ ಸಲ ಎಲ್ಲಿ?’ ಎಂದು ಕೇಳಿದ ಹಾಗಾಯಿತು. ಪಂದ್ಯ ನಿಲ್ಲಲಿಲ್ಲ, ಇವತ್ತಿಗೂ ನಡೆಯುತ್ತಿದೆ.

ಆ ಉತ್ಸಾಹದ ಮೇಲೆ ಮರುವರ್ಷವೇ ಕರಿನೆರಳು ಬಿತ್ತು. ಅದೇ ಪಾಮೀರ್ ಈಗ ಜರ್ಮನಿಯ ತರಬೇತಿ ಹಡಗಾಗಿ, ಬ್ಯೂನಸ್ ಐರಿಸ್‌ನಿಂದ ಹ್ಯಾಂಬರ್ಗಿಗೆ ಬಾರ್ಲಿ ತರುತ್ತಿತ್ತು. ಬಾರ್ಲಿಯಲ್ಲಿ ಬಹುಪಾಲನ್ನು ಚೀಲಕ್ಕೆ ತುಂಬದೆ ಒಡಲಿಗೆ ಸುರಿದಿದ್ದರು. 1957ರ ಸೆಪ್ಟೆಂಬರ್ 21ರಂದು ಅಝೋರ್ಸ್ ದ್ವೀಪಗಳ ಆಚೆ ‘ಕ್ಯಾರಿ’ ಚಂಡಮಾರುತಕ್ಕೆ ಸಿಕ್ಕು ಹಡಗು ವಾಲಿತು, ಕಾಳು ಒಂದು ಮಗ್ಗುಲಿಗೆ ಜಾರಿತು, ಹಡಗು ಮತ್ತೆ ಏಳಲಿಲ್ಲ. 86 ಜನರಲ್ಲಿ ಬದುಕಿದವರು ಆರು. ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದ ಕೆಡೆಟ್‌ಗಳು. 1984ರಲ್ಲಿ ಬರ್ಮುಡಾ ಬಳಿ ಪಂದ್ಯದ ನಡುವೆಯೇ ‘ಮಾರ್ಕೆಸ್’ ಹಡಗು ಮುಳುಗಿ 19 ಜನ ತೀರಿಕೊಂಡರು. ದಡದಲ್ಲಿ ಬಾವುಟ ಬೀಸುತ್ತ ನಿಂತ ನಮ್ಮಂಥವರಿಗೆ ಇದನ್ನು ಯಾರೂ ಹೇಳುವುದಿಲ್ಲ, ಹಬ್ಬದ ದಿನ ಹೇಳಬೇಕೆಂದೂ ಇಲ್ಲ. ಆದರೆ ಕಂಬ ಹತ್ತುವ ಹುಡುಗರ ಸೊಂಟಕ್ಕೆ ಕಟ್ಟಿದ ಸುರಕ್ಷತಾ ಪಟ್ಟಿಯನ್ನು ನೋಡುವಾಗ ಅದು ಅಲಂಕಾರವಲ್ಲ ಎಂದು ತಿಳಿದಿರುವುದು ಒಳ್ಳೆಯದು.

ಇಷ್ಟಾದರೂ ಈ ಹಡಗುಗಳನ್ನು ಉಳಿಸಿದ್ದು ಯಾವುದು? ಕೊಂದ ಕಾರಣವೇ. ಒಂದು ಹಗ್ಗಕ್ಕೆ ಹತ್ತು ಕೈ ಬೇಕೆಂಬುದು ವ್ಯಾಪಾರಿಗೆ ನಷ್ಟ, ಹುಡುಗರನ್ನು ಪಳಗಿಸುವವನಿಗೆ ಅದೇ ಬಂಡವಾಳ. ಪಂದ್ಯದ ನಿಯಮ ಓದಿದರೆ ಇದು ಸ್ಪಷ್ಟವಾಗುತ್ತದೆ. ಪ್ರತಿ ಹಡಗಿನ ಸಿಬ್ಬಂದಿಯಲ್ಲಿ ಕನಿಷ್ಠ ಅರ್ಧದಷ್ಟು ಜನ 15ರಿಂದ 25 ವಯಸ್ಸಿನವರಾಗಿರಬೇಕು. ದೊಡ್ಡದು ಚಿಕ್ಕದನ್ನು ಸುಮ್ಮನೆ ಸೋಲಿಸದಂತೆ ಹಡಗಿನ ಗಾತ್ರ, ಬಗೆ ನೋಡಿ ಸಮಯವನ್ನು ಹೊಂದಿಸುತ್ತಾರೆ. ಆದ್ದರಿಂದ ಮೊದಲು ಗುರಿ ಮುಟ್ಟಿದ ಹಡಗೇ ಗೆಲ್ಲಬೇಕೆಂದಿಲ್ಲ. ಎಲ್ಲಕ್ಕಿಂತ ದೊಡ್ಡ ಟ್ರೋಫಿ ವೇಗಕ್ಕೆ ಸಿಗುವುದೇ ಇಲ್ಲ. ದೇಶ ದೇಶಗಳ ನಡುವೆ ಸ್ನೇಹಕ್ಕೆ ಹೆಚ್ಚು ದುಡಿದ ಹಡಗು ಯಾವುದೆಂದು ಕ್ಯಾಪ್ಟನ್‌ಗಳೇ ಮತ ಹಾಕಿ ಆರಿಸುತ್ತಾರೆ. ಬಂದರಿನ ದಿನಗಳಲ್ಲಿ ನಾವಿಕರೆಲ್ಲ ತಮ್ಮ ತಮ್ಮ ವಾದ್ಯಗಳೊಂದಿಗೆ ಊರಲ್ಲಿ ಮೆರವಣಿಗೆ ಹೋಗುತ್ತಾರೆ. ನನ್ನ ಮಟ್ಟಿಗೆ ಹಡಗುಗಳಿಗಿಂತ ಸೊಗಸಾದದ್ದು ಅದೇ. ಸಮವಸ್ತ್ರದ ಕೆಡೆಟ್‌ಗಳ ಹಿಂದೆಯೇ, ಕೆದರಿದ ಕೂದಲಿನ ಸಣ್ಣ ಹಡಗಿನ ಹುಡುಗಿಯರು ಪಾತ್ರೆ ಬಡಿಯುತ್ತ ಬರುತ್ತಾರೆ.

ಸಂಡರ್‌ಲ್ಯಾಂಡಿಗೆ ಈ ಹಬ್ಬ ಸುಮ್ಮನೆ ಒಲಿದದ್ದಲ್ಲ. ಆತಿಥ್ಯಕ್ಕೆ ಊರು ಹಣ ಸುರಿಯಬೇಕು. ಹೋಟೆಲು, ಅಂಗಡಿಗಳಿಗೆ ಬರುವ ವ್ಯಾಪಾರದ ಲೆಕ್ಕ ಒಂದು ಕಡೆಯಾದರೆ, ಈ ನದಿಯ ನೆನಪಿನ ಲೆಕ್ಕ ಇನ್ನೊಂದು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಲ್ಲಿ ಅರವತ್ತಕ್ಕೂ ಹೆಚ್ಚು ಹಡಗು ಕಟ್ಟುವ ಅಂಗಳಗಳಿದ್ದವು. ಕೊನೆಯದು 1988ರಲ್ಲಿ ಮುಚ್ಚಿತು. ಹಡಗು ಕಟ್ಟಿದ ತಾತಂದಿರ ಮೊಮ್ಮಕ್ಕಳು ಈಗ ಬೇರೆ ದೇಶದವರ ಹಡಗು ಹತ್ತಿ ಇಳಿಯುತ್ತಾರೆ. 1864ರಲ್ಲಿ ಇದೇ ನದಿಗೆ ಇಳಿದ ‘ಸಿಟಿ ಆಫ್ ಅಡಿಲೇಡ್’ ಕಬ್ಬಿಣದ ಎಲುಬಿಗೆ ಮರದ ಹಲಗೆ ಹೊದಿಸಿದ ಕ್ಲಿಪ್ಪರ್. ವಲಸೆಗಾರರನ್ನು ಹೊತ್ತು ಇಂಗ್ಲೆಂಡ್–ಆಸ್ಟ್ರೇಲಿಯಾ ನಡುವೆ 23 ಬಾರಿ ಹೋಗಿ ಬಂದದ್ದು. ಮುಂದೆ ಸ್ಕಾಟ್‌ಲ್ಯಾಂಡಿನಲ್ಲಿ ಬರಿಯ ಒಡಲಾಗಿ ಬಿದ್ದಿದ್ದಾಗ, ‘ನಮ್ಮ ಮನೆ ಮಗಳು, ನಮಗೆ ಕೊಡಿ’ ಎಂದು ಸಂಡರ್‌ಲ್ಯಾಂಡಿನವರು ವರ್ಷಗಟ್ಟಲೆ ಹೋರಾಡಿದರು. ಗೆದ್ದದ್ದು ಅಡಿಲೇಡ್. 2014ರಲ್ಲಿ ಇನ್ನೊಂದು ಹಡಗಿನ ಬೆನ್ನೇರಿ ಅದು ಆಸ್ಟ್ರೇಲಿಯಾ ಸೇರಿತು. ಹೆಸರು ಇಟ್ಟಾಗಲೇ ಸೋತಿದ್ದೆವು ಎಂದು ದಡದಲ್ಲಿ ಒಬ್ಬ ಹಿರಿಯರು ನಕ್ಕರು.

ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ಹಾರ್ಟ್ಲ್‌ಪೂಲ್‌ನಲ್ಲಿ ನಮ್ಮ ಕಡೆಯ ಮರವೇ ತೇಲುತ್ತಿದೆ. ‘ಎಚ್‌ಎಂಎಸ್ ಟ್ರಿಂಕೊಮಲಿ’ ಮುಂಬಯಿಯ ವಾಡಿಯಾ ಮನೆತನದ ಜಮ್‌ಶೆಟ್ಜಿ ಬೊಮನ್‌ಜಿ ಕಟ್ಟಿ 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿಸಿದ ಯುದ್ಧನೌಕೆ. ನೆಪೋಲಿಯನ್ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರ ತೀರುತ್ತ ಬಂದಾಗ ಒದಗಿದ್ದು ಮಲಬಾರಿನ ತೇಗ. ಎರಡು ಶತಮಾನ ಕಳೆದರೂ ನೀರಿನ ಮೇಲೆ ನಿಂತಿದೆ. ಸಂಡರ್‌ಲ್ಯಾಂಡ್ ನೋಡಿದವರು ಇನ್ನೊಂದು ದಿನ ಇದಕ್ಕೆ ಎತ್ತಿಡಲಿ. ಜನಜಂಗುಳಿ ಇಲ್ಲದ ಡೆಕ್ಕಿನಲ್ಲಿ ಆ ಮರವನ್ನು ನಿಧಾನವಾಗಿ ಮುಟ್ಟಿ ನೋಡಬಹುದು.

ಅಮ್ಮ ಗಂಗೊಳ್ಳಿಯವಳು. ತರಂಗಿಣಿಯ ಡೆಕ್ಕಿನ ಮೇಲೆ ಅವಳಿಗೆ ನೆನಪಾದದ್ದು ಹಂಚು, ಉಪ್ಪು ಹೇರಿಕೊಂಡು ಧಕ್ಕೆಗೆ ಬರುತ್ತಿದ್ದ ಮಂಜಿಗಳು. ನಮ್ಮ ಕರಾವಳಿಯ ಮಂಜಿ, ಪತ್ತೆಮಾರಿಗಳದು ಬೇರೆ ಜಾತಿ. ಅಲ್ಲಿ ಚೌಕ ಹಾಯಿಯ ಅಟ್ಟ ಇಲ್ಲ. ಓರೆಯಾಗಿ ತೂಗಿದ ಉದ್ದ ಮರಕ್ಕೆ ದೊಡ್ಡ ಮುಮ್ಮೂಲೆ ಹಾಯಿ, ಒಬ್ಬ ತಂಡೇಲ, ಕೆಲವೇ ಖಲಾಸಿಗಳು. ಕಡಿಮೆ ಜನ, ಹೆಚ್ಚು ಸರಕು. ಹಾಗಾಗಿ ಡೀಸೆಲ್ ಬಂದಾಗ ಅವಕ್ಕೆ ಬದಲಾಗುವುದು ಸುಲಭವಾಯಿತು. ಮಂಗಳೂರಿನ ಹಳೆ ಬಂದರಿನಿಂದ ಸಿಮೆಂಟು, ಜಲ್ಲಿ, ತರಕಾರಿ ಹೊತ್ತು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಈಗಲೂ ಇವೆ, ಮಳೆಗಾಲ ಬಂತೆಂದರೆ ನಿಲ್ಲುತ್ತವೆ. ಕಡತದಲ್ಲಿ ಅವುಗಳ ಹೆಸರು ಇಂದಿಗೂ ‘ಯಾಂತ್ರೀಕೃತ ಹಾಯಿ ಹಡಗು’. ಹಾಯಿ ಮಾತ್ರ ಕಡತದಲ್ಲೇ ಉಳಿಯಿತು. ಅದಕ್ಕೆ ಯಾರೂ ಬೀಳ್ಕೊಡುಗೆ ಮಾಡಲಿಲ್ಲ. ಲಾಭ ತರುತ್ತಿದ್ದ ವಸ್ತು ಸದ್ದಿಲ್ಲದೆ ಬದಲಾಗುತ್ತದೆ, ನಷ್ಟ ತಂದದ್ದು ಉತ್ಸವಮೂರ್ತಿಯಾಗುತ್ತದೆ. ಇದರಲ್ಲಿ ನ್ಯಾಯ ಹುಡುಕಲು ಹೋಗಬಾರದು.

ನಮ್ಮ ರಾಜ್ಯದಲ್ಲಿ ಕುಟುಂಬ ಸಮೇತ ಹಡಗು ನೋಡಬೇಕೆಂದರೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಬೇಕು. ಅಲ್ಲಿ ದಡಕ್ಕೇರಿಸಿ ನಿಲ್ಲಿಸಿರುವುದು ‘ಚಪಲ್’ ಎಂಬ ಕ್ಷಿಪಣಿ ನೌಕೆ. ಮಕ್ಕಳಿಗೆ ಇಷ್ಟವಾಗುತ್ತದೆ, ಆದರೆ ನಿಂತ ಹಡಗು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕಾಳಿ ನದಿಯ ಅಳಿವೆ, ಅಡ್ಡಗಟ್ಟಿದಂತೆ ನಿಂತ ದ್ವೀಪಗಳು, ಪಕ್ಕದಲ್ಲೇ ನೌಕಾನೆಲೆ, ಎಲ್ಲ ಇರುವ ಕಾರವಾರದಲ್ಲಿ ನಾಲ್ಕು ದಿನದ ಹಾಯಿ ಉತ್ಸವ ನಡೆಯಬಾರದೇಕೆ ಎಂದು ನನಗೆ ಹಲವು ಬಾರಿ ಅನಿಸಿದೆ. ಬೇಕಾದ ಹಡಗುಗಳೂ ಒಂದೊಂದಾಗಿ ಬರುತ್ತಿವೆ. 2025ರ ಮೇ 21ರಂದು ಅಲ್ಲಿಯೇ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ಕ್ಕೆ ಇಂಜಿನ್ನೇ ಇಲ್ಲ. ಅಜಂತಾದ ಚಿತ್ರವೊಂದನ್ನು ನೋಡಿ, ಕೇರಳದ ಬಡಗಿಗಳು ಬಾಬು ಶಂಕರನ್ ಮುಂದಾಳುತನದಲ್ಲಿ ಗೋವಾದಲ್ಲಿ ಕಟ್ಟಿದ ಹಡಗು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಾಯಿಯ ಮೇಲೆ ಸೂರ್ಯನ ಜೊತೆಗೆ ನಮ್ಮ ಗಂಡಭೇರುಂಡವೂ ಇದೆ. ಚಳಿಗಾಲದ ಗಾಳಿ ಹಿಡಿದು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಅದು 2026ರ ಜನವರಿ 14ರಂದು ಮಸ್ಕತ್ ಸೇರಿತು.

ಆ ಸುದ್ದಿ ಟಿವಿಯಲ್ಲಿ ಬಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಹೊಲಿದ ಹಡಗಾ? ಒಳಗೆ ನೀರು ಬರೂದಿಲ್ವಾ?” ಹೊಲಿದ ಹಡಗಿಗೆ ನೀರು ಬರುತ್ತದೆ. ಮರ ನೆನೆದು ಉಬ್ಬಿದ ಮೇಲೆ ಕಡಿಮೆಯಾಗುತ್ತದೆ, ಉಳಿದದ್ದನ್ನು ಒಳಗಿದ್ದವರು ಪಾಳಿಯ ಮೇಲೆ ಮೊಗೆದು ಹೊರಗೆ ಚೆಲ್ಲುತ್ತಾರೆ.