ನಮ್ಮ ನಾಲಗೆಯ ಮೇಲೆ ಇಂಗ್ಲಿಷು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತಿದ್ದೀರಿ ಎಂದು ಭಾವಿಸಿ. ತುಮಕೂರು ದಾಟಿತು, ಗುಬ್ಬಿ ದಾಟಿತು; ನಿಟ್ಟೂರು, ಸಂಪಿಗೆ ರೋಡು, ಬಾಣಸಂದ್ರಗಳೂ ಹಿಂದಾದುವು. ಕಿಟಕಿಯ ಎರಡು ಪಕ್ಕದಲ್ಲಿಯೂ ತೆಂಗಿನ ತೋಟಗಳು. ಗಾಡಿ ನಿಂತಾಗ ನಿಲ್ದಾಣದ ಹಲಗೆಯನ್ನು ನೋಡಿ. ಕನ್ನಡದಲ್ಲಿ 'ತಿಪಟೂರು' ಎಂದಿದೆ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ 'ಟಿಪ್ಟೂರ್' ಎಂದಾಗುತ್ತದೆ. ಕನ್ನಡವನ್ನು ಅರಿಯದ ಪ್ರಯಾಣಿಕನು ಎರಡನೆಯದನ್ನು ಓದಿಕೊಂಡು, ಅದೇ ಊರಿನ ಹೆಸರೆಂದು ನಂಬಿ ಇಳಿಯುತ್ತಾನೆ.

ಇದನ್ನು ಬರೆದವನನ್ನು ನಾವು ಪೂರ್ತಿಯಾಗಿ ದೂರುವಂತಿಲ್ಲ. ಅವಸರದಲ್ಲಿ ನಾವೂ 'ತಿಪ್ಟೂರು' ಎನ್ನುವುದುಂಟು, 'ತುಮ್ಕೂರು' ಎನ್ನುವುದುಂಟು. ಅವನು ಕಿವಿಗೆ ಬಿದ್ದದ್ದನ್ನು ಬರೆದಿರಬೇಕು. ಆದರೆ ಕೊನೆಯ ಉಕಾರವನ್ನು ಮಾತ್ರ ಅವನ ಕಿವಿ ಹಿಡಿಯಲಿಲ್ಲ. ತುಮಕೂರಿನ ಇಂಗ್ಲಿಷ್ ಹೆಸರಿಗೆ ಆ ಉಕಾರವು ೨೦೧೪ರ ನವೆಂಬರ್ ಒಂದರಂದು ಸರ್ಕಾರದ ಆಜ್ಞೆಯಿಂದ ಮರಳಿ ಬಂದಿತು. ಅಂದು ತಿದ್ದಲಾದ ಹನ್ನೆರಡು ಊರುಗಳ ಪಟ್ಟಿಯಲ್ಲಿ ತಿಪಟೂರು ಇರಲಿಲ್ಲ.

ಅವರು ಕಳೆದ ಈ ಉಕಾರವನ್ನೇ ನಾವು ಅವರ ಪದಗಳಿಗೆ ಧಾರಾಳವಾಗಿ ಸೇರಿಸುತ್ತೇವೆ. ಇಂಗ್ಲಿಷಿನ 'ಬಸ್' ನಮ್ಮಲ್ಲಿ 'ಬಸ್ಸು', 'ಕಾರ್' ನಮ್ಮಲ್ಲಿ 'ಕಾರು'. ಕೊಬ್ಬರಿ ಮಂಡಿಯಲ್ಲಿ ಒಂದು ಗಳಿಗೆ ನಿಂತು ಕೇಳಿ: ಬಿಲ್ಲು, ಚೆಕ್ಕು, ರೇಟು, ಲೋಡು, ಲಾಟು. ಇದರಲ್ಲಿಯೂ ಒಂದು ಕಟ್ಟುಪಾಡು ಉಂಟು. ಬಿಲ್ಲು, ಚೆಕ್ಕು, ಬಸ್ಸು, ಪೆನ್ನು: ಇಲ್ಲಿ ಮೊದಲ ಸ್ವರ ಹ್ರಸ್ವ, ಆದುದರಿಂದ ವ್ಯಂಜನಕ್ಕೆ ದ್ವಿತ್ವ. ರೇಟು, ಲೋಡು, ಕಾರು, ರೈಲು: ಇಲ್ಲಿ ಮೊದಲ ಸ್ವರ ದೀರ್ಘ, ಆದುದರಿಂದ ಒಂಟಿ ವ್ಯಂಜನ. 'ರೇಟ್ಟು' ಎಂದು ಯಾರೂ ಹೇಳರು. 'ಬಿಲು' ಎಂದೂ ಹೇಳರು. ಶಾಲೆಯ ಮುಖ ಕಾಣದ ಹಮಾಲನೂ ಈ ಸೂತ್ರವನ್ನು ತಪ್ಪುವುದಿಲ್ಲ. ಯಾರೂ ಹೇಳಿಕೊಡದೆ ಎಲ್ಲರೂ ಪಾಲಿಸುವ ಸೂತ್ರವನ್ನು ಅಜ್ಞಾನವೆಂದು ಕರೆಯುವುದು ಹೇಗೆ? ಅದು ವ್ಯಾಕರಣ.

'ಇಸ್ಕೂಲು' ಎಂದವನನ್ನು ಕಂಡು ನಗುವವರುಂಟು. ಪದದ ಆದಿಯಲ್ಲಿಯೇ ಸಕಾರದೊಡನೆ ಇನ್ನೊಂದು ವ್ಯಂಜನ ಕೂಡಿಬಂದರೆ ನಾಲಗೆ ಮೆಟ್ಟಿಲೊಂದನ್ನು ಬಯಸುತ್ತದೆ. ಇಕಾರವೇ ಆ ಮೆಟ್ಟಿಲು. ಸ್ಪೇನ್ ದೇಶದವರು ಲ್ಯಾಟಿನ್ನಿನ 'ಸ್ಕೋಲ'ವನ್ನು 'ಎಸ್ಕ್ವೇಲ' ಎಂದು ಮಾಡಿಕೊಂಡದ್ದೂ ಇದೇ ಕಾರಣಕ್ಕಾಗಿ. ಅವರ 'ಎಸ್ಕ್ವೇಲ' ನಿಘಂಟಿನಲ್ಲಿ ಕುಳಿತಿತು. ನಮ್ಮ 'ಇಸ್ಕೂಲು' ನಗೆಪಾಟಲಾಯಿತು.

ನಾನೂ ಹಾಗೆ ನಗೆಪಾಟಲಾದವನೆ. ನನ್ನ ತಂದೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮನೆಯ ಜಗುಲಿಯಲ್ಲಿ ರಶೀತಿ ಪುಸ್ತಕಗಳು ಬಿದ್ದಿರುತ್ತಿದ್ದುವು. ಅವುಗಳ ರಟ್ಟಿನ ಮೇಲಿನ ಇಂಗ್ಲಿಷ್ ಪದವನ್ನು ನಾನು ಅಕ್ಷರ ಕೂಡಿಸಿ 'ರಿಸಿಪ್ಟು' ಎಂದು ಓದಿ ಕಲಿತೆ. ಮುಂದೆ ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠವನ್ನು ಗಟ್ಟಿಯಾಗಿ ಓದುವ ಸರದಿ ಬಂದಾಗ ಹಾಗೆಯೇ ಓದಿದೆ. ತರಗತಿ ನಕ್ಕಿತು; ಅಧ್ಯಾಪಕರೂ ನಕ್ಕರು. 'ರಿಸೀಟ್' ಎನ್ನಬೇಕಂತೆ, ಪಕಾರ ಇದ್ದೂ ಇಲ್ಲವಂತೆ. ಆ ವರ್ಷವೆಲ್ಲ ನಾನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಉತ್ತರ ತಿಳಿದಿದ್ದ ಪ್ರಶ್ನೆಗಳಿಗೂ ತಲೆ ತಗ್ಗಿಸಿ ಕುಳಿತೆ.

ಆ ಪಕಾರದ ಕಥೆ ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಆ ಪದವು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಪಕಾರ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಪಕಾರವಿದೆಯಲ್ಲಾ ಎಂದು ಪಂಡಿತರು ಅದನ್ನು ಬರಹದಲ್ಲಿ ತಂದು ಕೂರಿಸಿದರು; ಜನರ ಬಾಯಿ ಅದನ್ನು ಒಪ್ಪಲಿಲ್ಲ. ಸಾಲವೆಂಬ ಅರ್ಥದ 'ಡೆಟ್' ಪದದಲ್ಲಿ ಮೌನವಾಗಿ ಕುಳಿತಿರುವ ಬಕಾರವೂ ಹೀಗೆಯೇ ಬಂದದ್ದು. ದ್ವೀಪವೆಂಬ ಅರ್ಥದ 'ಐಲೆಂಡ್' ಪದದ ಸಕಾರವಂತೂ ಪಂಡಿತರ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಬರೆದದ್ದನ್ನು ಓದಿದ ಹುಡುಗನದು ತಪ್ಪಲ್ಲ, ತಪ್ಪು ಬರಹದಲ್ಲಿತ್ತು.

ಇಂಗ್ಲಿಷ್ ಬರಹಕ್ಕೆ ಈ ಗತಿ ಏಕೆ ಬಂದಿತು? ಮೊದಲನೆಯದಾಗಿ, ಅಕ್ಷರಗಳು ೨೬. ದಕ್ಷಿಣ ಇಂಗ್ಲೆಂಡಿನ ಶಿಷ್ಟಭಾಷೆಯ ಧ್ವನಿಗಳು ಸುಮಾರು ೪೪. ಕೊಳಗ ಚಿಕ್ಕದು, ರಾಗಿ ಹೆಚ್ಚು. ಎರಡನೆಯದಾಗಿ, ೧೪೭೬ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರವನ್ನು ತಂದನು. ಅಚ್ಚಾದ ಕಾಗುಣಿತ ಬರಬರುತ್ತ ಗಟ್ಟಿಯಾಯಿತು. ಅದೇ ಕಾಲದಲ್ಲಿ ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ತಮ್ಮ ಸ್ಥಾನಗಳನ್ನು ಬಿಟ್ಟು ಸರಿಯುತ್ತಿದ್ದುವು. ಸುಮಾರು ಮುನ್ನೂರು ವರ್ಷ ನಡೆದ ಈ ಸರಿತ ಮುಗಿಯುವ ಹೊತ್ತಿಗೆ ಬರಹ ಒಂದು ದಡದಲ್ಲಿ, ಮಾತು ಇನ್ನೊಂದು ದಡದಲ್ಲಿ ನಿಂತಿದ್ದುವು. ವೀರನೆಂಬ ಅರ್ಥದ 'ನೈಟ್' ಪದದ ಮೊದಲಲ್ಲಿರುವ ಕಕಾರವನ್ನು ಹಿಂದೆ ನಿಜವಾಗಿಯೂ ಉಚ್ಚರಿಸುತ್ತಿದ್ದರು. ಬಾಯಿ ಅದನ್ನು ಬಿಟ್ಟಿತು, ಕಾಗದ ಬಿಡಲಿಲ್ಲ.

ಇನ್ನು ಊರೂರಿನ ಭೇದಗಳನ್ನು ನೋಡೋಣ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಕಾರ ಬಿದ್ದುಹೋಗುವುದು ನಿಮಗೆ ಗೊತ್ತು: ಹಾಲು 'ಆಲು' ಆಗುತ್ತದೆ, ಹಳ್ಳಿ 'ಅಳ್ಳಿ' ಆಗುತ್ತದೆ. ಚಿಕ್ಕನಾಯಕನಹಳ್ಳಿಯ ಎಂಟು ಅಕ್ಷರಗಳು ಮಾತಿನ ಭರದಲ್ಲಿ 'ಚಿಕ್ನಾಯ್ಕನಳ್ಳಿ' ಆಗುತ್ತವೆ. ಪೇಟೆಯವರು ಇದನ್ನು ಕೇಳಿ ಮುಸಿಮುಸಿ ನಗುತ್ತಾರೆ. ಲಂಡನ್ನಿನ ಪೂರ್ವಭಾಗದ ಕೂಲಿಕಾರರ ಕೇರಿಗಳಲ್ಲಿಯೂ ಇದೇ ನಡೆಯುತ್ತಿತ್ತು. ಮನೆಗೆ ಅವರು 'ಹೌಸ್' ಎನ್ನದೆ 'ಔಸ್' ಎನ್ನುತ್ತಿದ್ದರು. ಅಲ್ಲಿಯ ದೊಡ್ಡಮನುಷ್ಯರೂ ಹಾಗೆಯೇ ನಗುತ್ತಿದ್ದರು. ನಗೆಗೆ ಹೆದರಿದವನು ಇಲ್ಲದ ಕಡೆ ಹಕಾರವನ್ನು ಸೇರಿಸಿ, ಅಕ್ಕಿಯನ್ನು 'ಹಕ್ಕಿ' ಮಾಡುವುದೂ ಎರಡು ಕಡೆಗೂ ಸಮಾನ.

ಉತ್ತರ ಇಂಗ್ಲೆಂಡಿನವನು 'ಕಪ್' ಎನ್ನುವಲ್ಲಿ 'ಕುಪ್' ಎನ್ನುವಂತೆ ಕೇಳಿಸುತ್ತದೆ. ಲಂಡನ್ನಿನವನು 'ಕಾರ್' ಪದದ ರೇಫವನ್ನು ನುಂಗಿ 'ಕಾ' ಎನ್ನುತ್ತಾನೆ. ಸ್ಕಾಟ್ಲೆಂಡಿನವನೂ ಐರ್ಲೆಂಡಿನವನೂ ಬಹುಮಂದಿ ಅಮೆರಿಕದವರೂ ಅದನ್ನು ಸ್ಪಷ್ಟವಾಗಿ ನುಡಿಯುತ್ತಾರೆ. ಲಂಡನ್ನಿನ 'ಶೆಡ್ಯೂಲ್' ಅಮೆರಿಕದಲ್ಲಿ 'ಸ್ಕೆಜೂಲ್'. ನಮ್ಮ 'ರೇಡಿಯೋ'ದಲ್ಲಿರುವ ಏಕಾರ ನೇರವಾದದ್ದು. ಲಂಡನ್ನಿನವರ ಬಾಯಲ್ಲಿ ಅದು 'ರೆಯ್' ಎಂದು ಬಾಗುತ್ತದೆ. ಸ್ಕಾಟ್ಲೆಂಡಿನವರ ಬಾಯಲ್ಲಿ ನಮ್ಮಂತೆಯೇ ನೇರವಾಗಿರುತ್ತದೆ. ರೇಫವನ್ನು ಬಿಡದೆ, ಏಕಾರ ಓಕಾರಗಳನ್ನು ಬಾಗಿಸದೆ ಮಾತನಾಡುವ ತುರುವೇಕೆರೆಯ ಉಪಾಧ್ಯಾಯರ ಇಂಗ್ಲಿಷು, ಈ ಎರಡು ವಿಷಯಗಳಲ್ಲಿ, ಲಂಡನ್ನಿಗಿಂತ ಎಡಿನ್‌ಬರೋ ನಗರಕ್ಕೆ ಹತ್ತಿರ.

ನಮ್ಮ ದೇಶದೊಳಗೂ ಇಂತಹ ಭೇದಗಳುಂಟು. ನಮಗೆ 'ಕಾಲೇಜು', 'ಡಾಕ್ಟರು'. ಮಲಯಾಳಿಗಳಿಗೆ 'ಕೋಳೇಜ್', 'ಡೋಕ್ಟರ್'. ಮೂಲದ ಸ್ವರವು ನಮ್ಮ ಆಕಾರವೂ ಅಲ್ಲ, ಅವರ ಓಕಾರವೂ ಅಲ್ಲ, ನಡುವಿನದು. ನಾವು ಒಂದು ಪಕ್ಕಕ್ಕೆ ವಾಲಿದೆವು, ಅವರು ಇನ್ನೊಂದು ಪಕ್ಕಕ್ಕೆ ವಾಲಿದರು. 'ಎ' ಎಂದು ಆರಂಭವಾಗುವುದಕ್ಕೆ ನಾವು ಮೊದಲಲ್ಲಿ ಯಕಾರವನ್ನು ಕೂಡಿಸಿ ಎಲೆಯನ್ನು 'ಯೆಲೆ' ಎನ್ನುತ್ತೇವೆ. ಅದೇ ರೂಢಿಯಿಂದ 'ಎಗ್' ಎಂಬುದು 'ಯೆಗ್ಗು' ಆಗುತ್ತದೆ. ಚಿಕ್ಕನಾಯಕನಹಳ್ಳಿಯ ಗಿಡ್ಡ ಹೆಸರು 'ಸಿ. ಯೆನ್. ಹಳ್ಳಿ' ಆಗುತ್ತದೆ.

ಶುದ್ಧ ಉಚ್ಚಾರಣೆ ಯಾವುದೆಂದು ತೀರ್ಮಾನಿಸಲು ಬಾನುಲಿಯೇ ಒಮ್ಮೆ ಹೊರಟಿತ್ತು. ೧೯೨೬ರಲ್ಲಿ ಬಿ.ಬಿ.ಸಿ. ಒಂದು ಸಮಿತಿಯನ್ನು ನೇಮಿಸಿತು. ಕವಿ ರಾಬರ್ಟ್ ಬ್ರಿಜಸ್ ಅದರ ಅಧ್ಯಕ್ಷರು, ಮುಂದೆ ನಾಟಕಕಾರ ಬರ್ನಾರ್ಡ್ ಷಾ ಅವರೇ ಅಧ್ಯಕ್ಷರಾದರು. ಪದಗಳ ಪಟ್ಟಿಗಳು ಅಚ್ಚಾದುವು. ಆದರೆ ವಿದ್ವಾಂಸರಲ್ಲೇ ಒಮ್ಮತ ಕಷ್ಟವಾಯಿತು. ೧೯೪೧ರಲ್ಲಿ, ಯುದ್ಧದ ನಡುವೆ, ಯಾರ್ಕ್‌ಷೈರಿನ ವಿಲ್‌ಫ್ರೆಡ್ ಪಿಕಲ್ಸ್ ಎಂಬವರು ಬಿ.ಬಿ.ಸಿ. ವಾರ್ತೆಯನ್ನು ತಮ್ಮ ಊರಿನ ಧಾಟಿಯಲ್ಲಿಯೇ ಓದಿದಾಗ ಕೇಳುಗರಲ್ಲಿ ಹಲವರು ಆಕ್ಷೇಪಿಸಿದರು. ಇಂದು ಅದೇ ಸಂಸ್ಥೆಯಲ್ಲಿ ಸ್ಕಾಟ್ಲೆಂಡು, ವೇಲ್ಸುಗಳ ಧಾಟಿಗಳನ್ನು ದಿನವೂ ಕೇಳಬಹುದು, ಯಾರೂ ಬೆಚ್ಚುವುದಿಲ್ಲ.

ಹಾಗಾದರೆ ಹೇಗೆ ನುಡಿದರೂ ಸರಿಯೇ ಎಂದು ನೀವು ಕೇಳಬಹುದು. ಹಾಗಲ್ಲ. ಮಾತಿರುವುದು ಎದುರಿಗಿದ್ದವನಿಗೆ ತಿಳಿಯಲೆಂದು. ತಿಳಿಯುವುದಕ್ಕೆ ಅಡ್ಡಿಯಾಗದ ಭೇದವನ್ನು ಬಿಟ್ಟುಬಿಡಿ; ಅಡ್ಡಿಯಾಗುವುದನ್ನು ಮಾತ್ರ ತಿದ್ದಿಕೊಳ್ಳಿ. ಅಂತಹವು ಮೂರನ್ನು ಹೇಳುತ್ತೇನೆ.

ಮೊದಲನೆಯದು ಪ ಮತ್ತು ಫ. ಹೋಟಲಿನಲ್ಲಿ 'ಎರಡು ಕಾಪಿ ಕೊಡಿ' ಎಂದರೆ ಕಾಫಿ ಬರುತ್ತದೆ. ನಕಲು ತೆಗೆಯುವ ಅಂಗಡಿಯಲ್ಲಿ ಅದೇ ಮಾತಿಗೆ ಎರಡು ಹಾಳೆ ಬರುತ್ತವೆ. ನಮ್ಮೂರಿನಲ್ಲಿ ಸಂದರ್ಭ ಕಾಪಾಡುತ್ತದೆ, ಪರಸ್ಥಳದಲ್ಲಿ ಕಾಪಾಡದಿರಬಹುದು. ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಕಿಸಿ ಗಾಳಿಯನ್ನು ಬಿಟ್ಟರೆ ಇಂಗ್ಲಿಷಿನ ಫಕಾರ ತಾನಾಗಿ ಬರುತ್ತದೆ.

ಎರಡನೆಯದು ವಕಾರ. ಇಂಗ್ಲಿಷಿನಲ್ಲಿ ವಕಾರ ಎರಡು. ಒಳಅಂಗಿಯ 'ವೆಸ್ಟ್' ಬೇರೆ, ಪಶ್ಚಿಮದ 'ವೆಸ್ಟ್' ಬೇರೆ. ನಾನು ಇವೆರಡನ್ನೂ ಕನ್ನಡದಲ್ಲಿ ಒಂದೇ ರೀತಿ ಬರೆಯಬೇಕಾಗಿರುವುದೇ ನಮ್ಮ ಕಷ್ಟಕ್ಕೆ ಸಾಕ್ಷಿ. ಮೊದಲನೆಯದಕ್ಕೆ ಕೆಳತುಟಿಯನ್ನು ಹಲ್ಲಿಗೆ ತಾಕಿಸಿ. ಎರಡನೆಯದಕ್ಕೆ ಶಿಳ್ಳೆ ಹಾಕುವವರಂತೆ ತುಟಿಗಳನ್ನು ದುಂಡಗೆ ಮಾಡಿ, ಹಲ್ಲಿಗೆ ತಾಕಿಸಬೇಡಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಒತ್ತು. ಕನ್ನಡದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಬಡಿಸುವಂತೆ ಪ್ರತಿ ಅಕ್ಷರಕ್ಕೂ ಅದರ ಪಾಲನ್ನು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಪದಕ್ಕೊಬ್ಬ ಯಜಮಾನ. ಅವನಿಗೆ ಒತ್ತು, ಉಳಿದವರಿಗೆ ಅರೆಹೊಟ್ಟೆ. ತರಕಾರಿಯನ್ನು ನಾವು 'ವೆ-ಜಿ-ಟೇ-ಬಲ್' ಎಂದು ಬಿಡಿಬಿಡಿಯಾಗಿ ಹೇಳಿದರೆ ಅವರು 'ವೆಜ್ಟಬ್ಲ್' ಎಂದು ಮುಗಿಸುತ್ತಾರೆ. ತೆಂಗಿನಕಾಯಿಯ 'ಕೋಕನಟ್' ಪದದಲ್ಲಿ ಒತ್ತೆಲ್ಲ ಮೊದಲ ಅಕ್ಷರಕ್ಕೆ. 'ಹೋಟೆಲ್' ಪದದಲ್ಲಿ ನಾವು ಮೊದಲರ್ಧವನ್ನು ಎತ್ತುತ್ತೇವೆ, ಅವರು ಕೊನೆಯರ್ಧವನ್ನು. ಒತ್ತು ಸ್ಥಳ ತಪ್ಪಿದರೆ, ಅಕ್ಷರಗಳೆಲ್ಲ ಸರಿಯಾಗಿದ್ದರೂ ಪದವೇ ಗುರುತು ಸಿಗದೆ ಹೋಗಬಹುದು. ಹೊಸ ಪದವನ್ನು ಕಲಿಯುವಾಗ ಅದರ ಒತ್ತು ಎಲ್ಲಿ ಎಂಬುದನ್ನು ನಿಘಂಟಿನಲ್ಲಿ ನೋಡಿ. ಚಿಕ್ಕ ಗೆರೆಯೊಂದು ಅದನ್ನು ಗುರುತಿಸಿರುತ್ತದೆ. ಬಾನುಲಿಯಲ್ಲಿ ಇಂಗ್ಲಿಷ್ ವಾರ್ತೆ ಬರುವಾಗ ಅರ್ಥವನ್ನು ಬಿಟ್ಟು ಐದು ನಿಮಿಷ ಆ ಏರಿಳಿತವನ್ನು ಮಾತ್ರ ಕೇಳಿ.

ಪದಗಳು ನಮ್ಮಿಂದಲೂ ಆ ಕಡೆಗೆ ಹೋಗಿವೆ. ನಮ್ಮ ಕೊಬ್ಬರಿಯ ಸೋದರ ಪದವಾದ ಮಲಯಾಳದ 'ಕೊಪ್ಪರ' ಪೋರ್ಚುಗೀಸರ ನಾಲಗೆಯಲ್ಲಿ ಸವೆದು, ಇಂಗ್ಲಿಷಿನಲ್ಲಿ 'ಕಾಪ್ರ' ಆಯಿತು. ಮಲಯಾಳದ 'ಕಯರ್' ಅವರಲ್ಲಿ 'ಕಾಯರ್' ಆಯಿತು. ಅಡಕೆಯ ಬಳಗದ ಪದವೇ 'ಅರೀಕ' ಆಯಿತು. ಅವುಗಳ ಅಕ್ಷರ ಬಿದ್ದುದಕ್ಕಾಗಿ ಯಾವ ವಿದೇಶೀಯನನ್ನೂ ಯಾರೂ ತರಗತಿಯಲ್ಲಿ ಎದ್ದು ನಿಲ್ಲಿಸಿ ನಗಲಿಲ್ಲ.

ರೈಲಿನಲ್ಲಿ ನಾವು ದಾಟಿಬಂದ ಸಂಪಿಗೆ ರೋಡು ನಿಲ್ದಾಣಕ್ಕೆ ಹೆಸರು ಕೊಟ್ಟ ಸಂಪಿಗೆ ತುರುವೇಕೆರೆ ತಾಲ್ಲೂಕಿನ ಹಳ್ಳಿ. ಅಲ್ಲಿ ೧೮೮೪ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷನ್ನು ಕಲಿಸಿದರು, ಕನ್ನಡವನ್ನು ಬೆಳೆಸಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ೧೯೦೬ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ಶಾಲೆಯ ಮಕ್ಕಳಿಗೆ ಕನ್ನಡದ ವ್ಯಾಕರಣವನ್ನು ತಿಳಿಯಾಗಿ ಬರೆದುಕೊಟ್ಟರು. 'ಅಳ್ಳಿ' ಎನ್ನುವ ಸೀಮೆಯಿಂದಲೇ ಇಬ್ಬರೂ ಬಂದವರು.

ಇಂದು ನಮ್ಮ ಊರುಗಳಲ್ಲಿ ಇಂಗ್ಲಿಷ್ ಮಾತು ಕಲಿಸುವ ಬೋರ್ಡುಗಳು ಬೀದಿಗೊಂದು ಕಾಣುತ್ತವೆ. ತಾಯಿತಂದೆಯರು ಕಾಯಿ ಮಾರಿದ ಹಣವನ್ನು ಅಲ್ಲಿ ಕಟ್ಟುತ್ತಾರೆ. ಕಲಿಯಲಿ, ಒಳ್ಳೆಯದೆ. ಆದರೆ ನಾಳೆ ನಿಮ್ಮ ಮನೆಯ ಮಗು ಪುಸ್ತಕ ಹಿಡಿದು 'ರಿಸಿಪ್ಟು' ಎಂದು ಓದಿದರೆ ದಯವಿಟ್ಟು ನಗಬೇಡಿ. ಹತ್ತಿರ ಕೂರಿಸಿಕೊಂಡು ಆ ಪಕಾರದ ಕಥೆಯನ್ನು ಹೇಳಿ. ಉಚ್ಚಾರಣೆಯನ್ನು ಒಂದು ವಾರದಲ್ಲಿ ತಿದ್ದಬಹುದು. ಮುಚ್ಚಿಹೋದ ಬಾಯನ್ನು ತೆರೆಸಲು ಎಷ್ಟು ಕಾಲ ಬೇಕೆಂಬುದನ್ನು ನಾನು ಬಲ್ಲೆ.