ಬಿಸಿನೀರು ಬರವಲ್ದೇನ್ರಿ? ಗೀಸರ್ ಬಿಚ್ಚಿಸೋ ಮೊದಲು ಇಷ್ಟು ನೋಡ್ರಿ

ಅತನೂರ (ಅಫಜಲಪುರ): ಥಂಡಿ ಶುರುವಾದರೆ ಮನೆಮನೆಯಲ್ಲೂ ಅದೇ ಮಾತು. ‘ಗೀಸರ್ ಹಚ್ಚಿ ತಾಸಾದ್ರೂ ನೀರು ಕಾಯವಲ್ದು’, ‘ಸೋಲಾರ್ ನಳಕ್ಕ ನೀರೇ ಬರವಲ್ದು’. ಇಂಥ ಬಹಳಷ್ಟು ತೊಂದರೆಗಳ ಮೂಲ ಮಷಿನ್ ಅಲ್ಲ, ನೀರು.

ಅಫಜಲಪುರ ತಾಲೂಕಿನದು ಬಸಾಲ್ಟ್ ಕರಿಕಲ್ಲಿನ ನೆಲ. ಇಂಥ ಕಡೆ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಸಾಮಾನ್ಯವಾಗಿ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಾಗ 600ರವರೆಗೆ ನಡೆಯುತ್ತದೆ. ಸಾಬೂನು ನೊರೆ ಬರುತ್ತಿಲ್ಲ, ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಹತ್ತುತ್ತಿದೆ ಎಂದರೆ ಗಡಸು ನೀರು ಎಂದೇ ಲೆಕ್ಕ. ಅದೇ ಪದರ ಗೀಸರ್ ಕಾಯಿಲ್‌ಗೂ ಹತ್ತುತ್ತದೆ. ಆಗ ನೀರು ತಡವಾಗಿ ಕಾಯುತ್ತದೆ, ಕರೆಂಟ್ ಹೆಚ್ಚು ಸುಡುತ್ತದೆ, ಕೊನೆಗೆ ಕಾಯಿಲ್ಲೇ ಹೋಗುತ್ತದೆ.

ಧಾರೆ ಸಣ್ಣಗಾದರೆ: ಪಕ್ಕದ ತಣ್ಣೀರಿನ ನಳ ತಿರುವಿ ನೋಡಿ. ಅದೂ ಸಣ್ಣಗಿದ್ದರೆ ತೊಂದರೆ ಟ್ಯಾಂಕ್ ಅಥವಾ ಮೇನ್ ಪೈಪಿನಲ್ಲಿದೆ. ಬಿಸಿನೀರು ಮಾತ್ರ ಸಣ್ಣಗಿದ್ದರೆ ನಳದ ಬಾಯಿಯ ಜಾಲರಿ ಬಿಚ್ಚಿ ಲಿಂಬೆರಸ ಅಥವಾ ವಿನೆಗರ್‌ನಲ್ಲಿ ನೆನೆಸಿ ತೊಳೆಯಿರಿ.

ಲೈಟ್ ಹತ್ತಿದರೂ ನೀರು ತಣ್ಣಗಿದ್ದರೆ: ಗೀಸರ್‌ಗೆ ತಣ್ಣೀರು ಹೋಗುವ ವಾಲ್ವ್ ಬಂದ್ ಮಾಡಿ ಬಿಸಿನೀರಿನ ನಳ ತೆರೆಯಿರಿ. ನೀರು ಹರಿಯುತ್ತಲೇ ಇದ್ದರೆ ಮಿಕ್ಸರ್ ಮೂಲಕ ತಣ್ಣೀರು ಸೇರುತ್ತಿದೆ. ರಿಪೇರಿ ಬೇಕಿರುವುದು ಮಿಕ್ಸರ್‌ಗೆ. ಹರಿವು ನಿಂತರೆ ಕಾಯಿಲ್ ಅಥವಾ ಥರ್ಮೋಸ್ಟಾಟ್ ಪರೀಕ್ಷೆ ಮಾಡಿಸಿ.

ಸೋಲಾರ್‌ನಿಂದ ನೀರು ಬರದಿದ್ದರೆ: ಮೊದಲು ತಣ್ಣೀರಿನ ಟ್ಯಾಂಕ್ ತುಂಬಿದೆಯೇ ನೋಡಿ. ಅದು ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ನಂತರ ಮೇಲಿನ ಗಾಳಿ ಪೈಪ್ ಕಟ್ಟಿಕೊಂಡಿದೆಯೇ ನೋಡಿ. ಗಾಜಿನ ಕೊಳವೆಗಳ ಧೂಳನ್ನು ನಸುಕಿನಲ್ಲೇ ಒರೆಸಿ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಒಡೆಯಬಹುದು.

ಇವು ಜೀವದ ಮಾತು

ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ಹನಿ ತೊಟ್ಟಿಕ್ಕುವುದು ಸಹಜ. ಕಾದ ನೀರು ಹಿಗ್ಗುತ್ತದೆ, ಹೆಚ್ಚಿನ ಒತ್ತಡ ಅಲ್ಲಿಂದ ಹೊರಹೋಗುತ್ತದೆ. ‘ಸೋರ್ತದ’ ಅಂತ ಅದಕ್ಕೆ ಬೆಣೆ ಹೊಡೆದರೆ ಟ್ಯಾಂಕ್ ಸಿಡಿಯುವ ಅಪಾಯವಿದೆ. ಗೀಸರ್ ಬಂದ್ ಇದ್ದಾಗಲೂ ನೀರು ಸೋರುತ್ತಲೇ ಇದ್ದರೆ ವಾಲ್ವ್ ಬದಲಿಸಿ.

ನಳ ಮುಟ್ಟಿದಾಗ ಜುಮ್ ಎಂದರೆ ತಕ್ಷಣ ಮೇನ್ ಸ್ವಿಚ್ ಬಂದ್ ಮಾಡಿ, ಅರ್ಥಿಂಗ್ ತೋರಿಸಿ. ಬಕೆಟ್‌ಗೆ ಇಳಿಬಿಡುವ ಕಾಯಿಲ್ ಇದ್ದರೆ ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈ ಹಾಕಿ. ಗ್ಯಾಸ್ ಗೀಸರ್ ಇರುವ ಬಚ್ಚಲಮನೆಗೆ ಗಾಳಿ ಆಡಬೇಕು. ಇಲ್ಲದಿದ್ದರೆ ವಾಸನೆಯೇ ಇಲ್ಲದ ವಿಷಾನಿಲ ತುಂಬಿ ಪ್ರಾಣಕ್ಕೇ ಕುತ್ತು.

ಬೋರ್ ನೀರು ಬಳಸುವವರು ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಪದರ ತೆಗೆಸಿ. ಉಷ್ಣತೆಯನ್ನು 55-60 ಡಿಗ್ರಿಗೆ ಇಟ್ಟರೆ ಪದರ ಕಟ್ಟುವುದು ಕಡಿಮೆಯಾಗುತ್ತದೆ, ಬಿಲ್ಲೂ ಇಳಿಯುತ್ತದೆ.